ಕೇಂಬ್ರಿಜ್ ಹತ್ತಿರ ನೋಡಲೇಬೇಕಾದ ಹಳೇ ಹಳ್ಳಿ ಚರ್ಚ್ ಯಾವುದು?

ಕೆಲಸಕ್ಕೆಂದು ಕೇಂಬ್ರಿಜ್‌ಗೆ ಬಂದಿದ್ದೀರಿ, ಸುತ್ತಲಿನ ಹಳ್ಳಿಗಳಲ್ಲೆಲ್ಲಾ ಹಳೇ ಚರ್ಚುಗಳಿವೆ, ಒಂದನ್ನಾದರೂ ಸರಿಯಾಗಿ ನೋಡಬೇಕು, ಯಾವುದು ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಹರ್ಟ್‌ಫರ್ಡ್‌ಶೈರ್‌ನ ಆಶ್‌ವೆಲ್. ಅಲ್ಲಿನ ಸೇಂಟ್ ಮೇರೀಸ್ ಚರ್ಚಿಗೆ ಹೋಗಿ.

ಊರು ಚಿಕ್ಕದು, ಗೋಪುರ ಮಾತ್ರ 176 ಅಡಿ. ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡ ಚರ್ಚ್ ಯಾಕೆ ಅಂತ ಅನ್ನಿಸುತ್ತದೆ. ಒಂದು ಕಾಲದಲ್ಲಿ ಆಶ್‌ವೆಲ್ ಹಳ್ಳಿಯಾಗಿರಲಿಲ್ಲ. 1086ರಲ್ಲಿ ಇಂಗ್ಲೆಂಡಿನ ರಾಜ ಮಾಡಿಸಿದ ಊರು-ಜಮೀನಿನ ಡೂಮ್ಸ್‌ಡೇ ಲೆಕ್ಕದಲ್ಲಿ ಅದನ್ನು ಪಟ್ಟಣವೆಂದೇ ಬರೆದಿದ್ದಾರೆ. ಸಂತೆ ಇತ್ತು, ದುಡ್ಡಿತ್ತು. ಈಗಿನ ಚರ್ಚಿನ ಬಹುಪಾಲು 14ನೇ ಶತಮಾನದ್ದು. ಆಗಿನ ಪದ್ಧತಿಯಂತೆ ಪೂಜೆ ನಡೆಯುವ ಪೂರ್ವದ ಭಾಗದ ಖರ್ಚು ರೆಕ್ಟರ್‌ದು (ಚರ್ಚಿನ ಆದಾಯದ ಹಕ್ಕುದಾರನದು), ಜನ ನಿಲ್ಲುವ ಭಾಗದ ಖರ್ಚು ಊರವರದು.

ಆದರೆ ನಾನು ಹೋಗಿ ಅನ್ನುವುದು ಗೋಪುರದ ಒಳಗೋಡೆ ನೋಡಲಿಕ್ಕೆ. ಉತ್ತರದ ಗೋಡೆಯ ಮೇಲೆ ಯಾರೋ ಮೊನಚಾದ ವಸ್ತುವಿನಿಂದ ಲ್ಯಾಟಿನ್‌ನಲ್ಲಿ ಕೆಲವು ಸಾಲು ಕೀರಿದ್ದಾರೆ. ಇಸವಿ 1350. ಸರಿಸುಮಾರು ಹೀಗೆ ಓದಬಹುದು: ಕರುಣಾಜನಕ, ಕ್ರೂರ, ಉಗ್ರ ಕಾಲ, ಜನರಲ್ಲಿ ಕೆಳಮಟ್ಟದವರಷ್ಟೇ ಸಾಕ್ಷಿಗೆ ಉಳಿದಿದ್ದಾರೆ.

ಪ್ಲೇಗ್ ಇಂಗ್ಲೆಂಡಿಗೆ ಬಂದದ್ದು 1348ರಲ್ಲಿ, ದಕ್ಷಿಣದ ಬಂದರಿನಿಂದ. ಎರಡು ವರ್ಷದೊಳಗೆ ದೇಶದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿಲ್ಲದಷ್ಟು ಜನ ಹೋದರು. ಅರ್ಧದಷ್ಟು ಎನ್ನುವವರೂ ಇದ್ದಾರೆ. ಅದನ್ನು ಕಣ್ಣಾರೆ ಕಂಡವನೊಬ್ಬ ಈ ಗೋಡೆಯ ಮುಂದೆ ನಿಂತಿದ್ದ. ಉಳಿದವರು ಕೆಳಮಟ್ಟದವರು ಅನ್ನುವಾಗ ಅವನು ತನ್ನನ್ನೂ ಸೇರಿಸಿಕೊಂಡಿದ್ದಾನೆ ಅಂತಲೇ ನನಗೆ ಅನ್ನಿಸುತ್ತದೆ. ಮೊದಲ ಸಲ ಓದಿದಾಗ ಗಂಟಲು ಕಟ್ಟಿತ್ತು.

ಕೆಳಗೆ ಇನ್ನೊಂದು ಸಾಲಿದೆ: ಕೊನೆಗೆ ಬಲವಾದ ಗಾಳಿ, ಮೌರಸ್ ಲೋಕದಲ್ಲಿ ಗುಡುಗುತ್ತಾನೆ, 1361. ಇದು ಸಂತ ಮೌರಸನ ಹಬ್ಬದ ದಿನ, ಜನವರಿ 15ರಂದು ಬೀಸಿದ ಬಿರುಗಾಳಿ. ನಮ್ಮ ಲೆಕ್ಕದಲ್ಲಿ ಅದು 1362. ಆಗ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಅದಕ್ಕೇ ಈ ವ್ಯತ್ಯಾಸ. ಅದೇ ಗಾಳಿಗೆ ನಾರ್ವಿಚ್ ಕ್ಯಾಥೆಡ್ರಲ್ಲಿನ ಶಿಖರ ಬಿತ್ತು. ಪ್ಲೇಗ್ ಕೂಡ 1361ರಲ್ಲಿ ಎರಡನೇ ಸಲ ಬಂದಿತ್ತು, ಮಕ್ಕಳೇ ಜಾಸ್ತಿ ಸತ್ತರು.

ಈ ಸಾಲುಗಳ ಬೆಲೆ ತಿಳಿಯಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಇಂಗ್ಲೆಂಡಿನ ಚರ್ಚುಗಳಲ್ಲಿ ಮಕ್ಕಳ ದೀಕ್ಷಾಸ್ನಾನ, ಮದುವೆ, ಹೂಳಿದ್ದು ಬರೆದಿಡುವ ಪುಸ್ತಕ ಶುರುವಾದದ್ದು 1538ರಲ್ಲಿ, ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನ ಆಜ್ಞೆಯಿಂದ. ಅದಕ್ಕೂ ಮೊದಲು ಪಾದ್ರಿ ಸತ್ತರೆ ಅವನ ಜಾಗಕ್ಕೆ ಬಂದವನ ಹೆಸರು ಬಿಷಪ್ಪರ ದಫ್ತರದಲ್ಲಿ ಸೇರುತ್ತಿತ್ತು. ಉಳುವವನು, ಅವನ ಹೆಂಡತಿ, ಅವರ ಮಗು ಸತ್ತರೆ ಅಂಥ ಒಂದು ಪುಸ್ತಕವೇ ಇರಲಿಲ್ಲ. ಹಾಗಾಗಿ ಆ ಊರಿನ ದುಃಖ ನಮಗೆ ಸಿಗುವುದು ಈ ಗೋಡೆಯಲ್ಲೇ.

ಇಷ್ಟು ವರ್ಷ ಅದು ಉಳಿದದ್ದಕ್ಕೆ ಕಲ್ಲೇ ಕಾರಣ. ಅಲ್ಲಿ ಬಳಸಿದ್ದು ಕ್ಲಂಚ್ ಅನ್ನುವ ಮೆತ್ತನೆಯ ಸುಣ್ಣದ ಕಲ್ಲು. ಚಾಕುವಿನ ತುದಿಗೂ ಕೀರು ಬೀಳುತ್ತದೆ. ಹೊರಗೆ ಮಳೆಗಾಳಿಗೆ ಸವೆದುಹೋಗುತ್ತದೆ, ಒಳಗಿದ್ದರೆ ಕೀರಿದ್ದು ಹಾಗೇ ಇರುತ್ತದೆ. ಅದಕ್ಕೇ ಅಲ್ಲಿ ಬರಹಗಳು ಒಂದೆರಡಲ್ಲ. ಗೋಪುರದ ಒಳಗೇ ದೊಡ್ಡ ಚರ್ಚಿನದೊಂದು ಚಿತ್ರವಿದೆ. ಅದು ಲಂಡನ್ನಿನ ಹಳೆಯ ಸೇಂಟ್ ಪಾಲ್ಸ್ ಎಂದು ಗುರುತಿಸುತ್ತಾರೆ, 1666ರ ಬೆಂಕಿಯಲ್ಲಿ ಸುಟ್ಟುಹೋದದ್ದು. ಇನ್ನೊಂದು ಕಡೆ ಯಾರೋ ಮೂಲೆಗಳು ಸರಿಯಾಗಿ ಕೂಡಿಲ್ಲ, ಇದಕ್ಕೆ ಉಗುಳುತ್ತೇನೆ ಅಂತ ಬರೆದಿದ್ದಾರೆ. ಕೆಲಸ ಬಲ್ಲವನ ಸಿಟ್ಟು ಅದು, ಅಲ್ವಾ? ಸಾವಿನ ನೆನಪೂ ಮೇಸ್ತ್ರಿಯ ಬೈಗುಳವೂ ಒಂದೇ ಚರ್ಚಿನಲ್ಲಿ ಸಿಗುವುದು ನನಗೆ ತುಂಬಾ ಇಷ್ಟ.

ಹೋಗುವುದು ಸುಲಭ. ಲಂಡನ್ ಕಡೆಗಿನ ನಿಧಾನದ ರೈಲು ಹತ್ತಿ ಆಶ್‌ವೆಲ್ ಅಂಡ್ ಮಾರ್ಡನ್‌ನಲ್ಲಿ ಇಳಿಯಿರಿ. ಅಲ್ಲಿಂದ ಊರಿಗೆ 3 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ನಡಿಗೆ. ಕೈಯಲ್ಲೊಂದು ಟಾರ್ಚ್ ಇರಲಿ. ಬೆಳಕನ್ನು ನೇರ ಬಿಡಬೇಡಿ, ಗೋಡೆಗೆ ಒರಗಿಸಿದ ಹಾಗೆ ಪಕ್ಕದಿಂದ ಹಿಡಿಯಿರಿ. ಆಗ ಗೀರುಗಳಲ್ಲಿ ನೆರಳು ಬಿದ್ದು ಅಕ್ಷರಗಳು ಎದ್ದು ಕಾಣುತ್ತವೆ. ಬೆರಳಿಂದ ಮಾತ್ರ ಮುಟ್ಟಬೇಡಿ, ಆ ಕಲ್ಲು ಅಷ್ಟು ಮೆತ್ತಗಿದೆ.