ಜಪಾನಿನ ಬೆಳಗಿನ ಮೀನು ಮಾರುಕಟ್ಟೆಯಲ್ಲಿ ಹಸಿ ಮೀನು ತಿನ್ನಬೇಕೆಂದಿದ್ದೇನೆ. ಎಲ್ಲಿಗೆ ಹೋಗಲಿ? ಹೊಟ್ಟೆ ಕೆಡುವುದಿಲ್ಲವೇ?

ಟೋಕಿಯೊದಲ್ಲಿ ನಾಲ್ಕು ದಿನ, ಆಮೇಲೆ ಎರಡು ದಿನ ಬಿಡುವು, ಜೊತೆಗೆ ಬರುವ ಹೆಂಡತಿ ಹಸಿ ಮೀನು ಮುಟ್ಟುವುದಿಲ್ಲ ಎಂದು ಬರೆದಿದ್ದೀರಿ. ಆ ಎರಡು ದಿನ ಉತ್ತರದ ಹೊಕ್ಕೈದೊ ದ್ವೀಪದ ಬಂದರು ಊರು ಹಾಕೊದಾತೆಗೆ ಹೋಗಿ ಬನ್ನಿ. ಯಾಕೆ ಅಂತ ಹೇಳುತ್ತೇನೆ.

ನಾನು ಮಲ್ಪೆ ಬಂದರಿನ ಹತ್ತಿರ ಬೆಳೆದವನು. ಮೀನು ತಾಜಾ ಇದ್ದಷ್ಟೂ ರುಚಿ ಎಂಬುದರಲ್ಲಿ ನನಗೆ ಯಾವತ್ತೂ ಅನುಮಾನವಿರಲಿಲ್ಲ. ಜಪಾನಿನಲ್ಲಿ ಕೆಲಸಕ್ಕಿದ್ದಾಗಲೇ ಗೊತ್ತಾದದ್ದು, ಅದು ಎಲ್ಲ ಮೀನಿಗೂ ಸಲ್ಲುವ ಮಾತಲ್ಲ. ಟ್ಯೂನಾವನ್ನೇ ತೆಗೆದುಕೊಳ್ಳಿ. ಹಿಡಿದ ದಿನವೇ ಕುಯ್ದರೆ ಮಾಂಸ ಬಿಗಿ, ರುಚಿ ಸಪ್ಪೆ. ತಣ್ಣಗೆ ಕೆಲವು ದಿನ ಇಟ್ಟರೆ ಮಾಂಸದೊಳಗೆ ಇನೊಸಿನಿಕ್ ಆಮ್ಲ ಹೆಚ್ಚಿ ನಾಲಿಗೆಗೆ ಹಿತವಾಗುತ್ತದೆ. ಸುಶಿ ಮಾಡುವವರು ಬೇಕೆಂತಲೇ ಕಾಯುತ್ತಾರೆ. ಅಂದರೆ ಟ್ಯೂನಾ ತಿನ್ನಲು ಬೆಳಗಿನ ಜಾವ ಏಳಬೇಕಾಗಿಲ್ಲ, ಊರೊಳಗಿನ ಒಳ್ಳೆಯ ಅಂಗಡಿ ಸಾಕು. ನೋಡಲಿಕ್ಕಾದರೆ ಖಂಡಿತ ಏಳಿ. ಟೋಕಿಯೊದ ಹಳೆಯ ತ್ಸುಕಿಜಿಯ ಸಗಟು ಮಾರುಕಟ್ಟೆ 2018ರ ಅಕ್ಟೋಬರಿನಲ್ಲಿ ಟೊಯೊಸುಗೆ ಹೋಯಿತು, ಹರಾಜು ಈಗ ಅಲ್ಲೇ. 2019ರ ಜನವರಿಯಲ್ಲಿ 278 ಕೆ.ಜಿ.ಯ ಒಂದೇ ಟ್ಯೂನಾ 33 ಕೋಟಿ ಯೆನ್‌ಗೂ ಮೇಲೆ ಹೋದದ್ದು ಇದೇ ಟೊಯೊಸುವಿನಲ್ಲಿ. ಭಾನುವಾರ ಮತ್ತು ಕೆಲವು ಬುಧವಾರ ರಜೆ, ನೋಡಿಕೊಂಡು ಹೊರಡಿ. ತ್ಸುಕಿಜಿಯ ಹೊರಗಿನ ಅಂಗಡಿಸಾಲು ಈಗಲೂ ಇದೆ, ಆದರೆ ವಿಪರೀತ ಜನಜಂಗುಳಿ.

ಬೊಂಡಾಸ್ (ಸ್ಕ್ವಿಡ್) ಹಾಗಲ್ಲ. ಅದು ಗಂಟೆ ಲೆಕ್ಕದಲ್ಲಿ ಬದಲಾಗುತ್ತದೆ. ಅದಕ್ಕೇ ಹಾಕೊದಾತೆ. ಟೋಕಿಯೊದಿಂದ ಬುಲೆಟ್ ರೈಲು ಶಿಂಕಾನ್ಸೆನ್‌ನಲ್ಲಿ ಸುಮಾರು ನಾಲ್ಕು ಗಂಟೆ, ಅಲ್ಲಿಂದ ಊರೊಳಗೆ ಸಣ್ಣ ರೈಲು. ಬೆಳಗಿನ ಮಾರುಕಟ್ಟೆ ಹಾಕೊದಾತೆ ನಿಲ್ದಾಣದ ಮಗ್ಗುಲಲ್ಲೇ ಇದೆ. ಬೇಸಿಗೆಯಲ್ಲಿ 5ಕ್ಕೆ, ಚಳಿಗಾಲದಲ್ಲಿ 6ಕ್ಕೆ ಶುರು. ರಾತ್ರಿ ಅಲ್ಲೇ ಉಳಿದುಕೊಳ್ಳಿ.

ಒಳಗೆ ಒಂದು ತೊಟ್ಟಿಯಲ್ಲಿ ಜೀವಂತ ಬೊಂಡಾಸ್ ಈಜುತ್ತಿರುತ್ತದೆ. ಗಾಳ ಕೊಡುತ್ತಾರೆ, ನೀವೇ ಹಿಡಿಯಬೇಕು. ಮೇಲೆತ್ತುವಾಗ ನೀರು ಚಿಮ್ಮಿಸುತ್ತದೆ, ಅದರ ನೀರುಗುಳುವ ಕೊಳವೆ ನಿಮ್ಮ ಕಡೆ ತಿರುಗದಂತೆ ಅಂಗಡಿಯವರು ಕೈ ತೋರಿಸಿ ಹೇಳಿಕೊಡುತ್ತಾರೆ. ಎರಡು ನಿಮಿಷದೊಳಗೆ ಅದೇ ಬೊಂಡಾಸ್ ಶಾವಿಗೆಯಂತೆ ಎಳೆಎಳೆಯಾಗಿ ತಟ್ಟೆಗೆ ಬರುತ್ತದೆ. ಬೆಳ್ಳಗಿರುವುದಿಲ್ಲ. ಕೆಳಗಿನ ತಟ್ಟೆ ಕಾಣುವಷ್ಟು ತಿಳಿ. ಪಕ್ಕದಲ್ಲಿಟ್ಟ ಕಾಲುಗಳ ಚರ್ಮದ ಮೇಲೆ ಕಂದು ಚುಕ್ಕೆಗಳು ಆಗಲೂ ಅರಳಿ ಮುದುಡುತ್ತಿದ್ದವು. ನಾನು ತಿನ್ನುವುದನ್ನು ಬಿಟ್ಟು ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ತುರಿದ ಶುಂಠಿ, ಸೋಯಾ ಸಾಸ್ ಅಷ್ಟೇ. ಹಲ್ಲಿಗೆ ಸಿಕ್ಕರೆ ತುಸು ಬಲಿತ ಎಳನೀರಿನ ಗಂಜಿಯ ಹಾಗೆ ಕರುಕರು, ಅಗಿದಷ್ಟೂ ಸಿಹಿ. ನಮ್ಮಲ್ಲಿ ಬೊಂಡಾಸ್ ಸುಕ್ಕ ಎಷ್ಟೋ ಸಲ ತಿಂದಿದ್ದೇನೆ, ಅದರೊಳಗೆ ಈ ಸಿಹಿ ಇದೆ ಅಂತ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಜೂನ್‌ನಿಂದ ಡಿಸೆಂಬರ್ ಅದರ ಮುಖ್ಯ ಕಾಲ. ಆದರೆ ಈಚಿನ ವರ್ಷಗಳಲ್ಲಿ ಹಾಕೊದಾತೆಯಲ್ಲಿ ಬೊಂಡಾಸ್ ಬೀಳುವುದು ಬಹಳ ಕಡಿಮೆಯಾಗಿದೆ. ಬೆಲೆ ದಿನದಿನಕ್ಕೆ ಬೇರೆ, ಒಂದೊಂದು ದಿನ ತೊಟ್ಟಿಯೇ ಖಾಲಿ. ಅದಕ್ಕೆ ಟೋಕಿಯೊದ ನಾಲ್ಕನೇ ದಿನ ಸಂಜೆಯೇ ಹೊರಟು ಎರಡು ಬೆಳಗು ಇಟ್ಟುಕೊಳ್ಳಿ. ಸಿಗದಿದ್ದರೆ ಪಕ್ಕದ ದೊಂಬುರಿ ಯೊಕೊಚೊ ಸಾಲಿನಲ್ಲಿ ಕೈಸೆನ್‌ದೊನ್ ತಿನ್ನಿ: ಬಿಸಿ ಅನ್ನದ ಮೇಲೆ ಸಾಲ್ಮನ್ ಮೊಟ್ಟೆ, ಚಿಪ್ಪಿನ ಮಾಂಸ, ಉನಿ. ಉನಿ ಅಂದರೆ ಮೈತುಂಬ ಮುಳ್ಳಿರುವ ಕಡಲಜೀವಿಯ ಒಳಗಿನ ಹಳದಿ ತಿರುಳು. ಆಕಾರ ಕೆಡದಿರಲೆಂದು ಅದಕ್ಕೆ ಪಟಿಕ ಹಾಕುವುದುಂಟು, ಆಗ ಸ್ವಲ್ಪ ಕಹಿ. ಉಪ್ಪುನೀರಿನಲ್ಲಿಟ್ಟದ್ದನ್ನು ಕೇಳಿ ತಿನ್ನಿ. ಕಹಿ ಉನಿ ತಿಂದು ಇದು ಇಷ್ಟೇ ಅಂದುಕೊಂಡು ಬಂದವರನ್ನು ಕಂಡು ನನಗೆ ಬೇಸರವಾಗಿದೆ.

ಹೊಟ್ಟೆಯ ವಿಷಯ. ಭಯ ಪೂರ್ತಿ ಸುಳ್ಳಲ್ಲ. ಬೊಂಡಾಸ್, ಬಂಗುಡೆ ಜಾತಿಯ ಮೀನುಗಳಲ್ಲಿ ಅನಿಸಾಕಿಸ್ ಎಂಬ ಬಿಳಿ ದಾರದಂಥ ಹುಳು ಇರಬಹುದು. ಶುಂಠಿ, ವಸಾಬಿ, ವಿನೆಗರ್ ಯಾವುದಕ್ಕೂ ಅದು ಸಾಯುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ ಇಡೀ 24 ಗಂಟೆ ಇಡಬೇಕು, ಇಲ್ಲವೇ ಬೇಯಿಸಬೇಕು. ಕುಯ್ಯುವವರು ಕಣ್ಣಿಟ್ಟು ನೋಡಿ ತೆಗೆಯುತ್ತಾರೆ, ನೀವೂ ನೋಡಿ, ಚೆನ್ನಾಗಿ ಅಗಿದು ತಿನ್ನಿ. ತಿಂದ ಕೆಲವು ಗಂಟೆಗಳಲ್ಲಿ ಹೊಟ್ಟೆ ಹಿಂಡಿದಂತೆ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ ಏನು ತಿಂದಿರಿ ಅಂತ ಹೇಳಿ, ಎಂಡೋಸ್ಕೋಪ್ ಇಳಿಸಿ ಹುಳು ತೆಗೆದುಬಿಡುತ್ತಾರೆ. ನನಗೆ ಒಮ್ಮೆಯೂ ಹಾಗಾಗಿಲ್ಲ.

ಇನ್ನೊಂದು, ಅಂಗಡಿಯಲ್ಲಿಟ್ಟ ಮೀನನ್ನು ನಮ್ಮೂರಿನ ಹಾಗೆ ಒತ್ತಿ, ಕಿವಿರು ಎತ್ತಿ ನೋಡಬೇಡಿ. ಮುಟ್ಟುವುದು ಅಲ್ಲಿ ತಪ್ಪು. ನಿಮ್ಮ ಹೆಂಡತಿಯವರಿಗೆ ಚಿಪ್ಪಿನ ಸಮೇತ ಕೆಂಡದ ಮೇಲೆ ಸುಟ್ಟ ಹೊತಾತೆ (ಸ್ಕ್ಯಾಲಪ್ ಎಂಬ ಚಿಪ್ಪುಜೀವಿ) ಕೊಡಿಸಿ. ಬೆಣ್ಣೆ, ಸೋಯಾ ಸಾಸ್ ಹಾಕಿ ಎದುರಿಗೇ ಸುಡುತ್ತಾರೆ. ಆಮೇಲೆ ಹೊಕ್ಕೈದೊ ಕರಬೂಜದ ಒಂದು ಹೋಳು, ಅದೂ ಅಲ್ಲೇ ಸಿಗುತ್ತದೆ.