ಚೂರು ಬಟ್ಟೆಯ ತ್ರಿಕೋನಗಳು: ಜೋಡಿಸೋದು ಹೇಗೆ?

ಪ್ರಶ್ನೆ: ಮನೆಯಲ್ಲಿ ಉಳಿದ ಚೂರು ಬಟ್ಟೆಗಳಿಂದ ಕೌದಿ ಮಾಡಲು ಹೊರಟಿದ್ದೇನೆ. ಎರಡೆರಡು ಚೌಕ ಸೇರಿಸಿ ಹೊಲಿದು, ಮೂಲೆಯಿಂದ ಮೂಲೆಗೆ ಕತ್ತರಿಸಿದ್ದೇನೆ. ಈಗ ಅರ್ಧ ಒಂದು ಬಟ್ಟೆ, ಅರ್ಧ ಇನ್ನೊಂದು ಬಟ್ಟೆ ಇರುವ ಚೌಕಗಳು ನೂರಕ್ಕಿಂತ ಜಾಸ್ತಿ ಇವೆ. ನೆಲದ ಮೇಲೆ ಹರಡಿ ಎಷ್ಟು ಹೊತ್ತು ಆಚೀಚೆ ಇಟ್ಟರೂ ಬರೀ ಗಲಿಬಿಲಿಯೇ ಕಾಣುತ್ತದೆ. ಬಣ್ಣ ಹೊಂದಿಸುವುದು ಹೇಗೆ?

ಉತ್ತರ: ಮೊದಲು ಬಣ್ಣ ಹೊಂದಿಸೋದನ್ನು ಬಿಟ್ಟುಬಿಡಿ. ಚೂರು ಬಟ್ಟೆಯ ಕೌದಿಯಲ್ಲಿ ವಿನ್ಯಾಸ ಕಾಣುವುದು ಕೆಂಪು, ನೀಲಿ, ಹಳದಿಯಿಂದ ಅಲ್ಲ, ತಿಳಿ ಮತ್ತು ಗಾಢದಿಂದ. ಪ್ರತಿ ಚೌಕದಲ್ಲಿ ಒಂದು ಅರ್ಧ ತಿಳಿ, ಒಂದು ಅರ್ಧ ಗಾಢ ಇದ್ದರೆ ಸಾಕು, ಆ ಗಾಢ ಯಾವ ಬಣ್ಣದ್ದಾದರೂ ಆಗಲಿ. ನಿಮ್ಮ ಗಲಿಬಿಲಿಗೆ ಕಾರಣವೂ ಇದೇ ಇರಬೇಕು: ಕೆಲವು ಚೌಕಗಳಲ್ಲಿ ಎರಡೂ ಅರ್ಧ ಗಾಢವೇ, ಅಥವಾ ಎರಡೂ ನಡುಮಧ್ಯದ್ದು. ಅಂಥವು ಎಲ್ಲಿ ಬಂದರೂ ಅಲ್ಲಿ ಗೆರೆ ಕಳೆದುಹೋಗುತ್ತದೆ.

ಇದನ್ನು ಕಣ್ಣಿನಿಂದ ನೋಡಿ ಹೇಳೋದು ಕಷ್ಟ. ಎಲ್ಲ ಚೌಕಗಳನ್ನೂ ಹರಡಿ, ಕುರ್ಚಿ ಹತ್ತಿ ಮೇಲಿನಿಂದ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು, ಅದನ್ನು ಕಪ್ಪು-ಬಿಳುಪು ಮಾಡಿ ನೋಡಿ. ಬಣ್ಣ ಹೋದ ಮೇಲೆ ಯಾವುದು ಎರಡು ಅರ್ಧವಾಗಿ ಕಾಣುತ್ತೆ, ಯಾವುದು ಒಂದೇ ಬೂದು ಚೌಕವಾಗಿ ಕಾಣುತ್ತೆ ಅನ್ನೋದು ತಕ್ಷಣ ಗೊತ್ತಾಗುತ್ತೆ. ಬೂದು ಕಂಡವನ್ನು ಪಕ್ಕಕ್ಕೆ ಇಡಿ, ಎಸೆಯಬೇಡಿ. ಅಂಚಿನಲ್ಲಿ ಬಳಸಬಹುದು.

ನನ್ನ ಹತ್ತಿರ ಒಂದು ಹಸಿರು ಬಟ್ಟೆ ಇತ್ತು, ಮೇಲೆ ಸಾಸಿವೆಯಷ್ಟು ಸಣ್ಣ ಬಿಳಿ ಚುಕ್ಕೆ. ಕೆನೆ ಬಣ್ಣದ ಜೊತೆ ಹೊಲಿದಾಗ ಅದು ಗಾಢ. ಅದೇ ಬಟ್ಟೆಯನ್ನು ಕಡುನೀಲಿ ಜೊತೆ ಹೊಲಿದರೆ ತಿಳಿ. ಹಾಗಾಗಿ ಯಾವ ಬಟ್ಟೆಯೂ ತಾನೇ ತಾನಾಗಿ ತಿಳಿಯೂ ಅಲ್ಲ, ಗಾಢವೂ ಅಲ್ಲ, ಪಕ್ಕದ್ದು ಏನು ಅನ್ನೋದರ ಮೇಲೆ ಇರುತ್ತೆ. ಇಂಥ ನಡುವಿನ ಬಟ್ಟೆಗಳೇ ನನಗೆ ಜಾಸ್ತಿ ಇಷ್ಟ, ಕೌದಿಗೆ ಜೀವ ಬರೋದು ಅವುಗಳಿಂದ.

ಇನ್ನು ಜೋಡಣೆ. ನಾಲ್ಕು ಚೌಕ ಕೈಗೆತ್ತಿಕೊಳ್ಳಿ. ಗಾಢ ಅರ್ಧಗಳೆಲ್ಲ ನಡುವಿಗೆ ಬರುವಂತೆ ಇಟ್ಟರೆ ವಜ್ರದಾಕಾರ ಬರುತ್ತೆ. ಆ ನಾಲ್ಕನ್ನೂ ಇದ್ದ ಜಾಗದಲ್ಲೇ ಒಂದೇ ದಿಕ್ಕಿಗೆ ಕಾಲು ಸುತ್ತು ತಿರುಗಿಸಿದರೆ ಗಿರಗಿಟ್ಲೆ. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು: ಇಡೀ ಕೌದಿಯನ್ನು ನಾಲ್ಕು ಭಾಗ ಅಂದುಕೊಂಡು, ಪ್ರತಿ ಭಾಗದಲ್ಲೂ ಎಲ್ಲ ಚೌಕಗಳ ಗಾಢ ಅರ್ಧ ಕೌದಿಯ ನಡುವಿನ ಕಡೆ ಮುಖ ಮಾಡುವಂತೆ ಇಡುವುದು. ಆಗ ನಡುವೆ ಒಂದು ವಜ್ರ, ಅದರ ಸುತ್ತ ಗರಗಸದ ಹಲ್ಲಿನಂತೆ ಸಾಲು ಸಾಲು, ಹೊರಗೆ ಹೋದಷ್ಟೂ ದೊಡ್ಡದಾಗುತ್ತಾ ಹೋಗುತ್ತೆ. ಬಟ್ಟೆ ಎಷ್ಟೇ ಬೇರೆ ಬೇರೆ ಇದ್ದರೂ ಈ ಜೋಡಣೆ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಒಂದು ಜೋಡಿ ಚೌಕದಿಂದ ಒಂದೇ ಥರದ ಎರಡು ತುಂಡು ಬರುತ್ತವೆ ಅಲ್ವಾ, ಅವೆರಡನ್ನೂ ಬೇರೆ ಬೇರೆ ರಾಶಿಗೆ ಹಾಕಿ, ಇಲ್ಲದಿದ್ದರೆ ಅಕ್ಕಪಕ್ಕ ಬಂದುಬಿಡುತ್ತವೆ. ಕಣ್ಣಿಗೆ ಹೊಡೆಯುವ ಹಳದಿ, ಕಿತ್ತಳೆಗಳನ್ನು ಮಾತ್ರ ನೀವೇ ಕೈಯಾರೆ ದೂರ ದೂರ ಇಡಿ. ಉಳಿದದ್ದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ನನ್ನ ತ್ರಿಕೋನಗಳ ಚೂಪು ತುದಿ ಹೊಲಿಗೆಯೊಳಗೆ ಹೋಗಿ ಮೊಂಡಾಗುತ್ತದೆ. ಸಾಲುಗಳೂ ಒಂದಕ್ಕೊಂದು ಕೂರುವುದಿಲ್ಲ. ಅಳತೆ ಸರಿಯಾಗಿಯೇ ತೆಗೆದುಕೊಂಡಿದ್ದೆ.

ಉತ್ತರ: ಕತ್ತರಿಸುವಾಗ ಅಳತೆ ಸರಿ ಇದ್ದರೂ ಹೊಲಿದ ಮೇಲೆ ಸರಿ ಇರೋದಿಲ್ಲ, ತೊಂದರೆ ಅಲ್ಲೇ. ಮೂಲೆಯಿಂದ ಮೂಲೆಗೆ ಕತ್ತರಿಸಿದ ಬದಿ, ಟೈಲರ್‌ಗಳು ಕ್ರಾಸ್ ಅನ್ನೋದು, ಎಳೆದರೆ ಹಿಗ್ಗುತ್ತದೆ. ಅದಕ್ಕೇ ಮೊದಲು ಹೊಲಿದು ಆಮೇಲೆ ಕತ್ತರಿಸೋದು. ಕರ್ಣದ ಗೆರೆ ಎಳೆದು, ಅದರ ಎರಡೂ ಬದಿಗೆ ಕಾಲು ಇಂಚು ಬಿಟ್ಟು ಹೊಲಿದು, ಆಮೇಲೆ ಗೆರೆಯ ಮೇಲೆ ಕತ್ತರಿ ಹಾಕಬೇಕು. ಇಸ್ತ್ರಿ ಪೆಟ್ಟಿಗೆಯನ್ನೂ ಆಚೀಚೆ ಉಜ್ಜಬೇಡಿ. ಇಟ್ಟು, ಒತ್ತಿ, ಎತ್ತಿ.

ಮುಗಿದಾಗ 3 ಇಂಚು ಬೇಕು ಅಂದರೆ 4 ಇಂಚಿನ ಚೌಕಗಳಿಂದ ಶುರು ಮಾಡಿ. ಲೆಕ್ಕದ ಪ್ರಕಾರ 3⅞ ಸಾಕು, ಆದರೆ ಆ ಚೂರು ಹೆಚ್ಚುವರಿ ಇದ್ದರೆ ಕತ್ತರಿಸಿ ಸರಿ ಮಾಡೋದಕ್ಕೆ ಜಾಗ ಸಿಗುತ್ತೆ. ಹೊಲಿದು, ಬಿಡಿಸಿ, ಒತ್ತಿದ ಮೇಲೆ ಪ್ರತಿಯೊಂದನ್ನೂ 3½ ಇಂಚಿಗೆ ಕತ್ತರಿಸಿ, ಸಾಲು ಸೇರಿಸುವಾಗ ಪ್ರತಿ ಬದಿಯಲ್ಲೂ ಕಾಲು ಇಂಚು ಹೊಲಿಗೆಯೊಳಗೆ ಹೋಗುತ್ತೆ. ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ 3½ ಇಂಚಿನ ಚೌಕ ಕತ್ತರಿಸಿ, ಅದರ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದುಕೊಳ್ಳಿ. ಆ ಗೆರೆ ಹೊಲಿಗೆಯ ಮೇಲೆ ಸರಿಯಾಗಿ ಕೂರುವಂತೆ ಇಟ್ಟು, ಸುತ್ತ ಗುರುತು ಹಾಕಿ, ಕತ್ತರಿಸಿದರಾಯಿತು. ಬೇಸರದ ಕೆಲಸ, ಒಪ್ಪುತ್ತೇನೆ, ಆದರೆ ಇದನ್ನು ಬಿಟ್ಟರೆ ಮುಂದೆ ಯಾವುದೂ ಕೂರೋದಿಲ್ಲ.

ತುದಿ ಉಳಿಸಿಕೊಳ್ಳಲು ಎರಡು ಸಾಲು ಸೇರಿಸುವಾಗ ಹಿಂಬದಿಯನ್ನು ನೋಡಿ. ಹೊಲಿಗೆಗಳು ಒಂದನ್ನೊಂದು ದಾಟಿ ಗುಣಾಕಾರ ಚಿಹ್ನೆಯಂತೆ ಕಾಣುವ ಜಾಗ ಇರುತ್ತೆ. ಆ ಬದಿ ಮೇಲೆ ಬರುವಂತೆ ಮಶೀನಿಗೆ ಕೊಟ್ಟು, ಸೂಜಿ ಆ ದಾಟುವ ಬಿಂದುವಿನ ಮೇಲೇ ಹೋಗುವಂತೆ ಹೊಲಿಯಿರಿ. ಒಂದು ಎಳೆ ಅಂಚಿನ ಕಡೆಗೆ ಸರಿದರೂ ಪರವಾಗಿಲ್ಲ, ಒಳಗೆ ಮಾತ್ರ ಹೋಗಬಾರದು.

ಪ್ರಶ್ನೆ: ಗಿರಗಿಟ್ಲೆಯ ನಡುವೆ ಗಂಟಿನ ಹಾಗೆ ದಪ್ಪವಾಗುತ್ತದೆ. ಅಲ್ಲದೆ 60×72 ಇಂಚಿನ ಕೌದಿಗೆ ಎಷ್ಟು ಚೌಕ ಬೇಕು?

ಉತ್ತರ: ನಡುವೆ ಎಂಟು ತ್ರಿಕೋನಗಳ ತುದಿ ಸೇರುತ್ತವೆ, ದಪ್ಪ ಆಗೇ ಆಗುತ್ತೆ. ಕೊನೆಯ ಹೊಲಿಗೆ ಮುಗಿದ ಮೇಲೆ ಹಿಂದೆ ತಿರುಗಿಸಿ, ನಡುವೆ ಬಿಟ್ಟ ಅಂಚಿನ ಭಾಗದಲ್ಲಿ ಮಾತ್ರ ಒಂದೆರಡು ಹೊಲಿಗೆ ಬಿಚ್ಚಿ, ಅಂಚುಗಳನ್ನು ಒಂದೇ ದಿಕ್ಕಿಗೆ ಸುತ್ತಲೂ ಮಲಗಿಸಿ ಒತ್ತಿ. ನಡುವೆ ಪುಟ್ಟ ಗಿರಗಿಟ್ಲೆ ಕಾಣುತ್ತೆ, ದಪ್ಪ ಹಂಚಿಹೋಗುತ್ತೆ. ಚೌಕ ಹೇಗೆ ಬೇಕಾದರೂ ತಿರುಗುವ ಜೋಡಣೆ ಆದರೆ ಕರ್ಣದ ಹೊಲಿಗೆಯನ್ನು ಎರಡೂ ಕಡೆ ಬಿಡಿಸಿ ಒತ್ತೋದೇ ಸುಲಭ, ಹೊಲಿಗೆ ಮಾತ್ರ ಸ್ವಲ್ಪ ಚಿಕ್ಕದಾಗಿ ಹಾಕಿ.

3 ಇಂಚಿನ ಲೆಕ್ಕದಲ್ಲಿ ಅಡ್ಡ 20, ಉದ್ದ 24, ಒಟ್ಟು 480. ಒಂದು ಜೋಡಿಗೆ ಎರಡು ಸಿಗುವುದರಿಂದ ತಿಳಿ ಚೌಕ 240, ಗಾಢ 240 ಕತ್ತರಿಸಿಕೊಳ್ಳಿ. ಹದಿನಾರು ಹದಿನಾರರ ಕಟ್ಟು ಮಾಡಿ 12 ಇಂಚಿನ ಬ್ಲಾಕ್ ಹೊಲಿದರೆ 30 ಬ್ಲಾಕ್ ಆಗುತ್ತೆ. ದಿನಕ್ಕೆ ಒಂದು ಮುಗಿಸಿದರೂ ತಿಂಗಳಲ್ಲಿ ಮೇಲ್ಪದರ ಸಿದ್ಧ.