ಇಲ್ಲದ ಬೆರಳು ತಿರುಚಿದರೆ ಎಲ್ಲಿ ಅಂತ ಉಜ್ಜುವುದು?

ಕೈಕಾಲು ಕಳಕೊಂಡವರ, ನರದ ನೋವಿನವರ ಪತ್ರಗಳಿಗೆ ಉತ್ತರ. ಬರೆಯುವ ನಾನು ಉಡುಪಿಯ ನಿವೃತ್ತ ಅಂಚೆ ನೌಕರ. ಬಲಗಾಲು ಮೊಣಕಾಲಿನಿಂದ ಕೆಳಗೆ ಕೃತಕ. ವೈದ್ಯನಲ್ಲ. ಮದ್ದಿನ ವಿಷಯ ಬಂದಾಗ ನಿಮ್ಮ ಡಾಕ್ಟರ ಮಾತೇ ಕೊನೆಯದು.

ಪ್ರಶ್ನೆ: ನನ್ನ ಗಂಡ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದರು. ವಿಂಚಿನ ರೋಪಿಗೆ ಸಿಕ್ಕಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಗಾಯ ಒಣಗಿದೆ. ಆದರೆ ರಾತ್ರಿಯಾದರೆ ಇಲ್ಲದ ಕಾಲಿನ ಹೆಬ್ಬೆರಳನ್ನು ಯಾರೋ ಹಿಂದಕ್ಕೆ ತಿರುಚಿದ ಹಾಗಾಗುತ್ತದೆ ಎಂದು ಹಲ್ಲು ಕಚ್ಚಿ ಕೂರುತ್ತಾರೆ. ತೆಗೆದ ಕಾಲನ್ನು ಸೊಟ್ಟ ಹೂತಿರಬೇಕು, ಅಗೆದು ನೆಟ್ಟಗೆ ಮಾಡಿಸಿ ಅಂತ ಅತ್ತೆ ಹೇಳುತ್ತಾರೆ. ನೆರೆಯವರು ತಲೆಗೇ ಏನೋ ಆಗಿದೆ ಅನ್ನುತ್ತಾರೆ. ಏನು ಮಾಡಲಿ?
(ಓದುಗರು, ಮಲ್ಪೆ)

ಉತ್ತರ: ನಿಮ್ಮ ಗಂಡನ ತಲೆಗೆ ಏನೂ ಆಗಿಲ್ಲ. ಕೈಕಾಲು ತೆಗೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಆ ಅಂಗ ಇನ್ನೂ ಇದೆ ಎಂಬ ಭಾಸ ಇರುತ್ತದೆ. ತುಂಬ ಮಂದಿಗೆ ಅದರ ಜೊತೆ ನೋವೂ ಇರುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಹೋದ ಸೈನಿಕರನ್ನು ನೋಡಿದ ಸೈಲಾಸ್ ವಿಯರ್ ಮಿಚೆಲ್ ಎಂಬ ನರವೈದ್ಯರು 1871ರಲ್ಲೇ ಇದಕ್ಕೆ ಫ್ಯಾಂಟಮ್ ಲಿಂಬ್, ಅಂದರೆ ಭೂತದ ಅಂಗ, ಅಂತ ಹೆಸರಿಟ್ಟು ಬರೆದಿದ್ದಾರೆ. ನನ್ನದೇ ಹೇಳುವುದಾದರೆ, ಆಟಿ ತಿಂಗಳಲ್ಲಿ ಮಳೆ ಹಿಡಿದು ಕೂತಾಗ ನನ್ನ ಇಲ್ಲದ ಬಲಪಾದಕ್ಕೆ ಬಿಗಿಯಾದ ಒದ್ದೆ ಶೂ ಹಾಕಿದ ಹಾಗಿರುತ್ತದೆ. ಬಿಚ್ಚುವ ಅಂದರೆ ಲೇಸೇ ಇಲ್ಲ.

ಕಾಲು ಹೋದರೂ ಮಿದುಳಿನಲ್ಲಿ ಆ ಕಾಲಿಗಿದ್ದ ಜಾಗ ಹಾಗೇ ಉಳಿದಿರುತ್ತದೆ. ಕತ್ತರಿಸಿದ ನರದ ತುದಿಗಳೂ ಸುಮ್ಮನಿರುವುದಿಲ್ಲ, ಏನಾದರೊಂದು ಸುದ್ದಿ ಕಳಿಸುತ್ತಲೇ ಇರುತ್ತವೆ. ಅಂಚೆಯವನ ಭಾಷೆಯಲ್ಲಿ ಹೇಳುವುದಾದರೆ ಮನೆ ಕೆಡವಿಯಾಗಿದೆ, ಆ ವಿಳಾಸಕ್ಕೆ ಟಪಾಲು ಬರುವುದು ಮಾತ್ರ ನಿಂತಿಲ್ಲ.

ಅತ್ತೆಯವರ ವಿಷಯ. ಆಸ್ಪತ್ರೆಯಲ್ಲಿ ತೆಗೆದ ಅಂಗವನ್ನು ಜೈವಿಕ ತ್ಯಾಜ್ಯದ ನಿಯಮದಂತೆ ಹಳದಿ ಚೀಲಕ್ಕೆ ಹಾಕುತ್ತಾರೆ. ಸಾಮಾನ್ಯವಾಗಿ ಅದು ದಹನಕ್ಕೆ ಹೋಗುತ್ತದೆ. ನೀವೇ ಕೇಳಿ ತಂದು ಹೂತದ್ದಲ್ಲವಾದರೆ ಅಗೆಯಲು ಏನೂ ಇಲ್ಲ. ಹೂತಿದ್ದರೂ ಅದು ಮಲಗಿದ ರೀತಿಗೂ ಈ ನೋವಿಗೂ ಸಂಬಂಧವಿಲ್ಲ. ದೈವಕ್ಕೆ ಹರಕೆ ಹೇಳಿಕೊಳ್ಳುತ್ತಾರಾದರೆ ಹೇಳಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಹರಕೆ ಹೇಳಿಯಾಯಿತಲ್ಲ ಅಂತ ಮಾತ್ರೆ ನಿಲ್ಲಿಸಿದರೆ ಮಾತ್ರ ತಕರಾರುಂಟು.

ಡಾಕ್ಟರಲ್ಲಿ ಹೋಗುವ ಮೊದಲು ಒಂದು ಕೆಲಸ ಮಾಡಿ. "ಕಾಲು ನೋವು" ಎಂದಷ್ಟೇ ಹೇಳುವುದನ್ನು ಬಿಟ್ಟು, ನೋವು ಎಲ್ಲಿ ಅಂತ ಬೇರೆ ಬೇರೆ ಮಾಡಿ ಬರೆದುಕೊಳ್ಳಿ. ಇಲ್ಲದ ಪಾದದಲ್ಲಿ ತಿರುಚುವುದು, ಉರಿಯುವುದು ಒಂದು. ಉಳಿದ ಮೋಟಿನಲ್ಲೇ ನೋಯುವುದು ಇನ್ನೊಂದು. ಮೋಟಿನ ಒಂದೇ ಜಾಗದಲ್ಲಿ ಬೆರಳಿನಿಂದ ತಟ್ಟಿದಾಗ ಕರೆಂಟು ಹೊಡೆದ ಹಾಗೆ ಜುಮ್ಮೆಂದರೆ ಅಲ್ಲಿ ನರದ ತುದಿ ಗಂಟು ಕಟ್ಟಿರಬಹುದು. ಅದನ್ನು ನ್ಯೂರೋಮಾ ಅನ್ನುತ್ತಾರೆ, ಅದರ ಚಿಕಿತ್ಸೆ ಬೇರೆ. ಕೃತಕ ಕಾಲು ಹಾಕಿದಾಗ ಮಾತ್ರ ನೋಯುತ್ತದೆಂದರೆ ಸಾಕೆಟ್, ಅಂದರೆ ಮೋಟು ಕೂರುವ ಬಟ್ಟಲು, ಸರಿ ಕೂತಿರಲಿಕ್ಕಿಲ್ಲ, ಆಗ ಕಾಲು ಮಾಡಿದವರ ಹತ್ತಿರ ಹೋಗಬೇಕು. ಮೋಟು ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ. ಇಷ್ಟನ್ನೂ "ನರದ ನೋವು" ಅಂತ ಒಂದೇ ಗಂಟು ಕಟ್ಟಿ ಹೇಳಿದರೆ ಒಂದೇ ಮಾತ್ರೆ ಸಿಗುತ್ತದೆ. ಅದು ಇವುಗಳಲ್ಲಿ ಒಂದಕ್ಕೆ ಹಿಡಿದರೆ ಹಿಡಿಯಿತು.

ಮೆಡಿಕಲ್‌ನಿಂದ ತಂದು ನುಂಗುವ ಸಾಮಾನ್ಯ ನೋವಿನ ಮಾತ್ರೆ ಇಂಥ ನೋವಿಗೆ ಹೆಚ್ಚೇನೂ ನಾಟುವುದಿಲ್ಲ. ಡೈಕ್ಲೋಫೆನಾಕ್‌ನಂಥದ್ದನ್ನು ದಿನಾ ತಿಂದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಕೇಡು. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಇವು ನರದ ನೋವಿಗೆ ಡಾಕ್ಟರು ಬರೆಯುವಂಥವು. ಅಮಿಟ್ರಿಪ್ಟಿಲಿನ್ ಡಿಪ್ರೆಶನ್ನಿನ ಮದ್ದು ಅಂತ ಮೊಬೈಲಿನಲ್ಲಿ ಓದಿ ನೆರೆಯವರು ಮತ್ತೆ ಶುರುಮಾಡಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನರದ ನೋವಿಗೆ ಅದನ್ನು ಸಣ್ಣ ಡೋಸಿನಲ್ಲಿ ಬರೆಯುವುದುಂಟು.

ಖರ್ಚಿಲ್ಲದ ಉಪಾಯ ಕನ್ನಡಿಯದ್ದು. ತಮಿಳುನಾಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ನರವಿಜ್ಞಾನಿಯಾದ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಕಪಾಟಿನ ಬಾಗಿಲಿಗೆ ಹಾಕುವಂಥ ಉದ್ದ ಕನ್ನಡಿ ತಂದು ಪ್ಲೈವುಡ್ಡಿಗೆ ಅಂಟಿಸಿ, ಅಂಚಿಗೆ ಟೇಪ್ ಸುತ್ತಿ. ಚಾಪೆಯ ಮೇಲೆ ಕಾಲು ಚಾಚಿ ಕೂರಿಸಿ. ಎರಡು ಕಾಲಿನ ನಡುವೆ ಕನ್ನಡಿ ನಿಲ್ಲಿಸಿ, ಕನ್ನಡಿಯ ಹೊಳೆಯುವ ಮುಖ ಸರಿಯಿರುವ ಬಲಗಾಲಿನ ಕಡೆಗಿರಲಿ, ಮೋಟು ಹಿಂದೆ ಮರೆಯಾಗಲಿ. ಅವರು ಕನ್ನಡಿಯನ್ನೇ ನೋಡುತ್ತಾ ಬಲಪಾದದ ಬೆರಳು ಮಡಚಿ ಬಿಡಿಸಬೇಕು, ಇಲ್ಲದ ಎಡಬೆರಳನ್ನೂ ಮನಸ್ಸಿನಲ್ಲಿ ಜೊತೆಗೆ ಬಿಡಿಸಬೇಕು. ತಿರುಚಿಕೊಂಡ ಹೆಬ್ಬೆರಳು ನೆಟ್ಟಗಾಗುವುದು ಕಣ್ಣಿಗೆ ಕಾಣುತ್ತದೆ. ಬಲಗಾಲಿಗೆ ಕಪ್ಪುದಾರ ಕಟ್ಟಿದ್ದರೆ ಆ ಹೊತ್ತಿಗೆ ಬಿಚ್ಚಿಡಿ. ಎಡಗಾಲಿನಲ್ಲಿ ಇಲ್ಲದ ದಾರ ಕಂಡರೆ ಮಿದುಳು ನಂಬುವುದಿಲ್ಲ. ದಿನಕ್ಕೆ 15 ನಿಮಿಷ ಸಾಕು, ಆದರೆ ಕೆಲವು ವಾರ ಬಿಡದೆ ಮಾಡಬೇಕು. ಎಲ್ಲರಿಗೂ ಹಿಡಿಯುತ್ತದೆಂದು ಹೇಳಲಾರೆ. ತಲೆ ಸುತ್ತಿದರೆ, ಅಳು ಬಂದರೆ ನಿಲ್ಲಿಸಿ, ಫಿಸಿಯೋಥೆರಪಿಯವರ ಎದುರು ಮತ್ತೆ ಶುರುಮಾಡಿ.

ನಿಮಗೂ ಕೆಲಸವುಂಟು. ಮೋಟನ್ನು ಮೊದಲು ಹತ್ತಿಯಿಂದ, ಮತ್ತೆ ಪಂಚೆಯ ಬಟ್ಟೆಯಿಂದ, ಕೊನೆಗೆ ಒರಟು ಟವೆಲಿನಿಂದ ದಿನಾ ಸ್ವಲ್ಪ ಹೊತ್ತು ಉಜ್ಜಿ, ಬೆರಳಿನಿಂದ ಮೆಲ್ಲ ತಟ್ಟಿ. ಮುಟ್ಟಿದರೆ ಬೊಬ್ಬೆ ಹೊಡೆಯುವ ಚರ್ಮ ಹೀಗೇ ಪಳಗುವುದು. ಪ್ರೀತಿಯಿಂದ ಮೊಣಕಾಲಿನ ಅಡಿಗೆ ದಿಂಬು ಕೊಡಬೇಡಿ. ಆರಾಮ ಅನಿಸುತ್ತದೆ, ಆದರೆ ಗಂಟು ಮಡಚಿದಲ್ಲೇ ಬಿಗಿದುಹೋದರೆ ನಾಳೆ ಕೃತಕ ಕಾಲು ಹಾಕಲಿಕ್ಕಾಗುವುದಿಲ್ಲ. ಇನ್ನೊಂದು, ಮಧ್ಯರಾತ್ರಿ ನಿದ್ದೆಗಣ್ಣಿನಲ್ಲಿ ಕಾಲು ಇದೆಯೆಂದೇ ಇಳಿದು ಬೀಳುವವರು ಬಹಳ. ಮಂಚದ ಎಡಮಗ್ಗುಲಿಗೆ ಕೈತಾಗುವ ಹಾಗೆ ಒಂದು ಭಾರದ ಕುರ್ಚಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜೊತೆಗೇ ಜಾರುತ್ತದೆ.

ಪ್ರಶ್ನೆ: ವಯಸ್ಸು 29, ಮಂಗಳೂರಿನಲ್ಲಿ ಬ್ಯಾಂಕ್ ಕೆಲಸ. ಹೆದ್ದಾರಿಯಲ್ಲಿ ಸ್ಕೂಟರ್ ಅಪಘಾತದಿಂದ ಬಲಗಾಲು ಹೋಯಿತು. ಕೃತಕ ಕಾಲಿನಲ್ಲಿ ಆಫೀಸಿಗೆ ಚೆನ್ನಾಗಿಯೇ ನಡೆಯುತ್ತೇನೆ. ಮನೆಯೊಳಗೆ, ದೇವಸ್ಥಾನದಲ್ಲಿ ಶೂ ತೆಗೆದ ಕೂಡಲೇ ಹಿಂದಕ್ಕೆ ಬೀಳುವ ಹಾಗಾಗುತ್ತದೆ, ಸಂಜೆ ಮೋಟು ನೋಯುತ್ತದೆ. ಭಯದಿಂದಲೇ ಹೀಗಾ?
(ಓದುಗರು, ಕದ್ರಿ)

ಉತ್ತರ: ಭಯ ಅಲ್ಲ, ಹಿಮ್ಮಡಿ. ನಿಮ್ಮ ಕಾಲನ್ನು ಜೋಡಿಸುವಾಗ ಒಂದು ನಿರ್ದಿಷ್ಟ ಎತ್ತರದ ಹಿಮ್ಮಡಿಯ ಶೂವಿಗೆ ಹೊಂದಿಸಿರುತ್ತಾರೆ. ಆ ಶೂ ತೆಗೆದರೆ ಹಿಮ್ಮಡಿ ತಗ್ಗುತ್ತದೆ, ಪಾದದ ಮುಂಭಾಗ ಮೇಲಾಗುತ್ತದೆ, ಮೊಣಕಾಲು ಹಿಂದಕ್ಕೆ ತಳ್ಳಲ್ಪಡುತ್ತದೆ. ಮಾಮೂಲಿ ಪಾದದ ಹಾಗೆ ಇದು ತಾನಾಗಿ ಹೊಂದಿಕೊಳ್ಳುವುದಿಲ್ಲವಲ್ಲ. ಇಡೀ ಸಂಜೆ ಹಾಗೆ ನಡೆದರೆ ಸಾಕೆಟ್ ಒತ್ತುವ ಜಾಗ ಬದಲಾಗಿ ಮೋಟು ನೋಯದೆ ಇರುತ್ತದಾ? ಇದು ನರದ ನೋವಿನ ಲೆಕ್ಕಕ್ಕೆ ಬರುವುದೇ ಇಲ್ಲ, ಅದಕ್ಕೆ ಮಾತ್ರೆ ತಿನ್ನಬೇಡಿ.

ಕಾಲು ಮಾಡಿಕೊಟ್ಟವರ ಹತ್ತಿರ ಬರಿಗಾಲಿನಲ್ಲೇ ನಡೆದು ತೋರಿಸಿ. ಶೂ ಹಾಕಿ ಚಂದ ನಡೆದು ತೋರಿಸಿ ಬರುವುದೇ ನಮ್ಮವರ ಅಭ್ಯಾಸ. ಹಿಮ್ಮಡಿಯ ಅಡಿಗೆ ಇಡುವ ಬೆಣೆ ಸಿಗುತ್ತದೆ. ಎತ್ತರ ಹೊಂದಿಸಿಕೊಳ್ಳಬಹುದಾದ ಪಾದಗಳೂ ಇವೆ, ಬೆಲೆ ಜಾಸ್ತಿ. ಅಗ್ಗದ ದಾರಿ ಅಂದರೆ ಶೂವಿನಷ್ಟೇ ಹಿಮ್ಮಡಿಯ, ಹಿಂದೆ ಪಟ್ಟಿಯಿರುವ ಚಪ್ಪಲಿಯೊಂದನ್ನು ಮನೆಯೊಳಗೆ ಮಾತ್ರ ಇಟ್ಟುಕೊಳ್ಳುವುದು. ಅತ್ತೆಮನೆಯಲ್ಲಿ ಯಾರಾದರೂ ಮುಖ ಸಿಂಡರಿಸಿದರೆ ಈ ಪುಟ ತೋರಿಸಿ.

ವಿದೇಶಿ ಪಾದಗಳು ಶೂ ಹಾಕುವ ದೇಶದವರಿಗೆಂದು ಹುಟ್ಟಿದವು. ಬರಿಗಾಲಿನಲ್ಲಿ ಗದ್ದೆಗಿಳಿಯುವ, ಚಕ್ಕಳಮಕ್ಕಳ ಕೂರುವ, ಕುಕ್ಕರುಗಾಲಿನಲ್ಲಿ ಕೂರುವ ನಮಗೆ ಅವು ಹೊಂದದೆ 1968ರಲ್ಲಿ ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಮತ್ತು ಡಾ. ಪಿ.ಕೆ. ಸೇಠಿ ಸೇರಿ ರಬ್ಬರಿನ ಜೈಪುರ ಪಾದ ಮಾಡಿದರು. ನೀರಿಗೂ ಅಂಜುವುದಿಲ್ಲ. ನಿಮಗೆ ಅದೇ ಬೇಕೆಂದು ಹೇಳುತ್ತಿಲ್ಲ. ಆಫೀಸಿಗೊಂದು, ಮನೆಗೊಂದು ಅಂತ ಎರಡಿಟ್ಟುಕೊಂಡವರಿದ್ದಾರೆ. ದೇವಸ್ಥಾನದಲ್ಲಿ ಮೊದಲೇ ಕಚೇರಿಯಲ್ಲಿ ಕೇಳಿಬಿಡಿ, ಒಳಗೆ ಮಾತ್ರ ಹಾಕುವ ತೊಳೆದ ಚಪ್ಪಲಿಗೆ ಒಪ್ಪುವವರಿದ್ದಾರೆ. ಒಪ್ಪದಿದ್ದರೆ ಬೆಣೆಯ ಮೇಲೆ ಕಾಲುಚೀಲ ಹಾಕಿಕೊಂಡು ಹೋಗಿ. ಕಾಲೇ ಕೃತಕ ಆದ ಮೇಲೆ ಅದರ ಹಿಮ್ಮಡಿ ಯಾವುದು, ಚಪ್ಪಲಿ ಯಾವುದು ಅಂತ ದೇವರು ಗೆರೆ ಹಾಕಿ ಕೂರುವುದಿಲ್ಲ ಎಂಬುದು ನನ್ನ ಅಂದಾಜು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳ, ಕೆಂಪುಕಲ್ಲಿನ ಮೆಟ್ಟಿಲು ಮಾತ್ರ ಯಾವ ಕಾಲಿಗೂ ಆಗದು. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ.

ಪ್ರಶ್ನೆ: ವಯಸ್ಸು 63, ಸಕ್ಕರೆ ಕಾಯಿಲೆ. ಎಡಗಾಲಿನ ಎರಡು ಬೆರಳು ತೆಗೆದಿದ್ದಾರೆ. ಈಗ ಎರಡೂ ಪಾದ ಮೆಣಸು ಅರೆದು ಹಚ್ಚಿದ ಹಾಗೆ ಉರಿ. ಪ್ರಿಗ್ಯಾಬಲಿನ್ ಕೊಟ್ಟಿದ್ದರು, ತಲೆ ತಿರುಗುತ್ತದೆಂದು ಬಿಟ್ಟೆ. ಬಿಸಿನೀರು ಉಪ್ಪಿನಲ್ಲಿ ಕಾಲಿಟ್ಟರೆ ಹಾಯೆನಿಸುತ್ತದೆ. ಅಂಗವಿಕಲರ ಕಾರ್ಡು ಸಿಗುತ್ತದಾ?
(ಓದುಗರು, ಬ್ರಹ್ಮಾವರ)

ಉತ್ತರ: ಮೊದಲು ಆ ಬಿಸಿನೀರಿನ ಬಾಲ್ದಿ ಆಚೆ ಇಡಿ ಅಮ್ಮಾ. ಸಕ್ಕರೆಯಿಂದ ನರ ಕೆಟ್ಟ ಪಾದಕ್ಕೆ ಉರಿ ಗೊತ್ತಾಗುತ್ತದೆ, ನಿಜವಾದ ಬಿಸಿ ಗೊತ್ತಾಗುವುದಿಲ್ಲ. ಬೊಕ್ಕೆ ಎದ್ದ ಮೇಲೆ ತಿಳಿಯುವುದು. ಉಳಿದ ಎಂಟು ಬೆರಳು ಉಳಿಯಬೇಕಾದರೆ ಇದೊಂದನ್ನು ಕೇಳಿ.

ಮಾತ್ರೆಯನ್ನು ನಿಮ್ಮಷ್ಟಕ್ಕೇ ಬಿಟ್ಟದ್ದನ್ನು ಡಾಕ್ಟರಿಗೆ ಹೇಳಿ. ಈ ಮದ್ದುಗಳನ್ನು ದಿಢೀರನೆ ನಿಲ್ಲಿಸಬಾರದು, ಇಳಿಸುತ್ತಾ ಬರಬೇಕು. ತಲೆ ತಿರುಗುವುದಕ್ಕೆ ದಾರಿಯಿದೆ: ಸಣ್ಣ ಡೋಸಿನಿಂದ ಶುರು, ಮಲಗುವ ಹೊತ್ತಿಗೆ ಕೊಡುವುದು, ಇಲ್ಲವೇ ಡುಲೊಕ್ಸೆಟಿನ್‌ನಂಥ ಬೇರೆ ಮದ್ದು. ಕಿಡ್ನಿ ದುರ್ಬಲವಿದ್ದರೆ ಡೋಸು ಕಡಿಮೆ ಮಾಡಲೇಬೇಕು, ಹಾಗಾಗಿ ಕ್ರಿಯಾಟಿನಿನ್ ಪರೀಕ್ಷೆಯ ಚೀಟಿ ಜೊತೆಗೆ ಒಯ್ಯಿರಿ. ಮೆಟ್‌ಫಾರ್ಮಿನ್ ವರ್ಷಾನುಗಟ್ಟಲೆ ತಿನ್ನುವವರಲ್ಲಿ ಬಿ12 ವಿಟಮಿನ್ ಇಳಿಯುವುದುಂಟು, ಅದರಿಂದಲೂ ಪಾದ ಜೋಮು ಹಿಡಿದು ಉರಿಯುತ್ತದೆ. ಅದನ್ನೂ ನೋಡಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ.

ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ನೆಲದ ಮೇಲೊಂದು ಕನ್ನಡಿ ಇಟ್ಟು ಅದರ ಮೇಲೆ ಕಾಲೆತ್ತಿ. ಅಂಗಳಕ್ಕೂ ಬರಿಗಾಲು ಬೇಡ. ಎಂ.ಸಿ.ಆರ್. ಎಂಬ ಮೆತ್ತನೆ ರಬ್ಬರಿನ ಚಪ್ಪಲಿ, ಹಿಂದೆ ಪಟ್ಟಿ ಇರುವಂಥದ್ದು, ಸಂಜೆ ಹೊತ್ತಿಗೆ ಹೋಗಿ ಅಳತೆ ನೋಡಿ ತನ್ನಿ. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ.

ಕಾರ್ಡಿನ ವಿಷಯ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಅಂಗವೈಕಲ್ಯ ಬೇಕು. ಎರಡು ಬೆರಳಿಗೆ ಅಷ್ಟು ಬರುವುದು ಕಷ್ಟ. ನಿರ್ಧರಿಸುವವರು ಸರಕಾರಿ ಆಸ್ಪತ್ರೆಯ ವೈದ್ಯರು, ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ ನೋಡಲು ಅಡ್ಡಿಯಿಲ್ಲ.

ಪ್ರಶ್ನೆ: ಬೆಳಿಗ್ಗೆ ಬಿಗಿಯಾಗಿದ್ದ ಕೃತಕ ಕಾಲು ಮಧ್ಯಾಹ್ನಕ್ಕೆ ಸಡಿಲ. ನಮ್ಮ ಸೆಕೆಗೆ ಒಳಗೆ ಬೆವರು, ವಾಸನೆ, ತುರಿಕೆ. ಪೌಡರ್ ಹಾಕಬಹುದೇ?
(ಓದುಗರು, ಸುರತ್ಕಲ್)

ಉತ್ತರ: ದಿನ ಹೋದ ಹಾಗೆ ಮೋಟು ಕುಗ್ಗುವುದು ಸಹಜ. ಕಾಲಿನ ಜೊತೆ ಕೊಡುವ, ಮೋಟಿಗೆ ಹಾಕುವ ಕಾಲುಚೀಲಗಳು ಬೇರೆ ಬೇರೆ ದಪ್ಪದಲ್ಲಿ ಸಿಗುತ್ತವೆ. ಬ್ಯಾಗಿನಲ್ಲಿ ಎರಡಿಟ್ಟುಕೊಂಡು ಊಟದ ಹೊತ್ತಿಗೆ ಒಂದು ಸೇರಿಸಿ, ಒದ್ದೆಯಾದದ್ದನ್ನು ಆಗಲೇ ಬದಲಿಸಿ. ಪೌಡರ್ ಬೆವರಿಗೆ ಸೇರಿ ಮುದ್ದೆಯಾಗಿ ಇನ್ನಷ್ಟು ಉಜ್ಜುತ್ತದೆ. ಬೆಳಿಗ್ಗೆ ಎಣ್ಣೆ ಕ್ರೀಮು ಏನೂ ಬೇಡ, ಹಚ್ಚುವುದಿದ್ದರೆ ರಾತ್ರಿ. ಕಾಲು ಬಿಚ್ಚಿದಾಗ ಕೆಂಪು ಗುರುತು ಇರುತ್ತದೆ. 10-15 ನಿಮಿಷದಲ್ಲಿ ಮಾಯವಾದರೆ ಸರಿ, ಆಗದಿದ್ದರೆ ಆ ದಿನ ಮತ್ತೆ ಹಾಕಬೇಡಿ, ಕಾಲು ಮಾಡಿದವರಿಗೆ ತೋರಿಸಿ. ಮೋಟಿಗೂ ಸಾಕೆಟ್ಟಿಗೂ ನಡುವೆ ಹಾಕುವ ಮೆತ್ತನೆ ಸಿಲಿಕೋನ್ ಲೈನರನ್ನು ರಾತ್ರಿ ಸೌಮ್ಯ ಸೋಪಿನಲ್ಲಿ ತೊಳೆದು, ಸೋಪು ಪೂರ್ತಿ ಹೋಗುವಷ್ಟು ನೀರು ಹಾಕಿ, ಒಳಗೆ ಫ್ಯಾನಿನಡಿ ಒಣಗಿಸಿ. ಜೂನ್ ಬಂದರೆ ನಮ್ಮಲ್ಲಿ ಒಂದು ರಾತ್ರಿಗೆ ಏನೂ ಒಣಗುವುದಿಲ್ಲ, ಆದ್ದರಿಂದ ಹಣ ಒದಗಿದಾಗ ಎರಡನೆಯ ಲೈನರ್ ತೆಗೆದಿಟ್ಟುಕೊಳ್ಳಿ. ಬಿಸಿಲು ಬಂತೆಂದು ಬಟ್ಟೆಯ ಸಾಲಿನಲ್ಲಿ ನೇತುಹಾಕಬೇಡಿ, ಸಿಲಿಕೋನ್ ಬೇಗ ಹಾಳಾಗುತ್ತದೆ.